ಅಮಾವಾಸ್ಯೆಯ ವಿಮಾನ

ಅಮಾವಾಸ್ಯೆಯ ದಿನ ನಾವು ಉಳಿ ಮುಟ್ಟುವುದಿಲ್ಲ. ಬಡಗಿಯಾಗಲಿ, ಕಮ್ಮಾರನಾಗಲಿ, ಅಕ್ಕಸಾಲಿಯಾಗಲಿ, ಅವತ್ತು ಹತಾರಗಳನ್ನು ಒರೆಸಿ, ಅರಿಶಿನ ಕುಂಕುಮ ಇಟ್ಟು, ಊದುಬತ್ತಿ ಹಚ್ಚಿ ಮೂಲೆಯಲ್ಲಿ ಕೂರಿಸಿಬಿಡುತ್ತೇವೆ. ಚಿನಕುರಳಿಯಲ್ಲಿರುವ ನನ್ನ ಮರಗೆಲಸದ ಷೆಡ್ಡಿಗೆ ಅವತ್ತು ಬೀಗ. ಗೊತ್ತಿದ್ದವರು ಬರುವುದಿಲ್ಲ, ಗೊತ್ತಿಲ್ಲದವರು ಬಂದು ಬೈದುಕೊಂಡು ಹೋಗುತ್ತಾರೆ. ರಜ ಸಿಕ್ಕ ನಮ್ಮವರಲ್ಲಿ ಕೆಲವರು ಮಲಗುತ್ತಾರೆ, ಕೆಲವರು ಇಸ್ಪೀಟು ಹಾಕುತ್ತಾರೆ. ನಾವು ಮೂವರು ವಿಮಾನ ನೋಡುತ್ತಿದ್ದೆವು.

ಮೂವರಲ್ಲಿ ಒಬ್ಬ ನಾನು. ಇನ್ನೊಬ್ಬ ನಾಗಮಂಗಲದ ಕಡೆಯ ಕಮ್ಮಾರ, ಕುಡುಗೋಲು ಮಚ್ಚು ಬಡಿಯುವವನು, ನನ್ನ ವಾರಗೆಯವನು. ಮೂರನೆಯವನು ಬೂಕನಕೆರೆಯ ಅಕ್ಕಸಾಲಿ. ನನಗಿಂತ ಹನ್ನೆರಡು ವರ್ಷ ದೊಡ್ಡವನು, ದೂರದ ನೆಂಟಸ್ತಿಕೆಯಲ್ಲಿ ಬಾವ ಆಗಬೇಕು. ನಮ್ಮ ಕಡೆ ಬಾವನಿಗೆ ಏಕವಚನವೇ ಮರ್ಯಾದೆ, ಬಹುವಚನ ಹಚ್ಚಿದರೆ ಏನೋ ಸಿಟ್ಟಾಗಿದ್ದಾನೆ ಅಂದುಕೊಳ್ಳುತ್ತಾರೆ.

ಮೇಲುಕೋಟೆಗೆ ಹೋಗುವ ದಾರಿಯಲ್ಲಿ, ಊರು ಇನ್ನೂ ಎರಡು ಮೈಲಿ ಇರುವಾಗ, ಬಲಕ್ಕೆ ಒಂದು ಬೋಳು ಬಂಡೆ ಇದೆ. ಅದೇ ನಮ್ಮ ಜಾಗ. ಶ್ರೀರಂಗಪಟ್ಟಣದಲ್ಲಿ ಪ್ರವಾಸಿಗರಿಗೆ ಟೋಪಿ, ಆಟಿಕೆ ಮಾರುವವನ ಹತ್ತಿರ ಚೌಕಾಸಿ ಮಾಡಿ ತಂದ ಒಂದು ದುರ್ಬೀನು, ಫೋನಿನಲ್ಲಿ ವಿಮಾನಗಳು ಎಲ್ಲಿವೆ ಎಂದು ತೋರಿಸುವ ಒಂದು ನಕ್ಷೆ, ಒಂದು ಡಬ್ಬಿ ನಿಪ್ಪಟ್ಟು. ಇಷ್ಟೇ ನಮ್ಮ ಸರಂಜಾಮು. ನಕ್ಷೆಯಲ್ಲಿ ಹಳದಿ ಗುರುತು ನಮ್ಮ ಕಡೆ ತೆವಳಿಕೊಂಡು ಬರುವಾಗ ಯಾರು ಮೊದಲು ಆಕಾಶದಲ್ಲಿ ಅದನ್ನು ಹಿಡಿಯುತ್ತಾರೋ ಅವರು ಗೆದ್ದಂತೆ. ಗೆದ್ದರೆ ಏನೂ ಸಿಗುತ್ತಿರಲಿಲ್ಲ. ವಯಸ್ಸಾದ ಮೂರು ಗಂಡಸರು ಬಿಸಿಲಲ್ಲಿ ಕುತ್ತಿಗೆ ಎತ್ತಿಕೊಂಡು ಕೂತಿರುವುದನ್ನು ಕಂಡು ಕುರಿ ಕಾಯುವವರು ನಗುತ್ತಿದ್ದರು. ನನ್ನ ಹೆಂಡತಿಯಂತೂ ಅದಕ್ಕೆ ‘ಇಮಾನದ ಅಮಾಸೆ’ ಎಂದೇ ಹೆಸರಿಟ್ಟಿದ್ದಳು.

ಕೆಲವು ವರ್ಷಗಳ ಹಿಂದೆ ಆ ಹೊಸ ವಿಮಾನದ ಸುದ್ದಿ ಬಂತು. ಅದರ ಹೆಸರು ಇಲ್ಲಿ ಬೇಡ. ಎರಡೇ ಇಂಜಿನ್ನಿನ ದೊಡ್ಡ ಪ್ರಯಾಣಿಕರ ವಿಮಾನ. ರೆಕ್ಕೆ ಎಷ್ಟು ಉದ್ದವೆಂದರೆ, ನಿಲ್ದಾಣದಲ್ಲಿ ಜಾಗ ಸಾಲದೆ ಅದರ ತುದಿಯನ್ನು ಮೇಲಕ್ಕೆ ಮಡಚಿಕೊಳ್ಳಬೇಕು. ಇದನ್ನು ಓದಿ ಹೇಳಿದ ದಿನ ನಾವು ಬೇರೆ ಯಾವ ವಿಮಾನವನ್ನೂ ನೋಡಲಿಲ್ಲ. ಜೀವಮಾನವೆಲ್ಲ ಬಾಗಿಲಿಗೆ ಕೀಲು ಕೂರಿಸಿದವನು ನಾನು. ರೆಕ್ಕೆಗೆ ಕೀಲು ಅಂದರೆ ನನಗೆ ನಿದ್ದೆ ಹೇಗೆ ಬರಬೇಕು? ಕಮ್ಮಾರ ಕೇಳಿದ್ದು ಕೀಲಿನ ಉಕ್ಕು ಎಂಥದ್ದು ಅಂತ. ಬಾವ ಮಾತ್ರ ಬೇರೆಯದೇ ಕೇಳಿದ.

“ಮಡಚೋ ಜಾಗ್ದಲ್ಲಿ ಗೆರೆ ಕಾಣ್ತದೇನ್ಲಾ? ಒಳ್ಳೆ ಕೆಲ್ಸಗಾರ ಆದ್ರೆ ಗೆರೆ ಕಾಣ್ಬಾರ್ದು.”

ತಾಳಿಗೆ ಬೆಸುಗೆ ಹಾಕಿ, ಬೆಸುಗೆ ಎಲ್ಲಿದೆ ಎಂದು ಯಾರಿಗೂ ಗೊತ್ತಾಗದ ಹಾಗೆ ಉಜ್ಜುವವನ ಪ್ರಶ್ನೆ ಅದು.

ಆ ವಿಮಾನ ಈ ವರ್ಷ ಬರುತ್ತದೆ ಅಂದರು, ಬರಲಿಲ್ಲ. ಮುಂದಿನ ವರ್ಷ ಅಂದರು, ಪರೀಕ್ಷೆ ಮುಗಿದಿಲ್ಲ ಅಂದರು. ನಾವು ಪ್ರತಿ ಅಮಾವಾಸ್ಯೆ ಅದರ ಮಾತೇ ಆಡಿದೆವು. ಬಂಡೆಯ ಮೇಲೆ ಇದ್ದಲಿನಲ್ಲಿ ಅದರ ರೆಕ್ಕೆ ಬರೆದು ಜಗಳವಾಡಿದೆವು. “ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲ್ಸುದ್ರಂತೆ” ಎಂದು ನನ್ನ ಹೆಂಡತಿ ಅನ್ನುತ್ತಿದ್ದಳು. ಕಾಯುವುದರಲ್ಲೂ ಒಂದು ಸುಖ ಇರುತ್ತದೆ, ಅವಳಿಗೆ ಅದು ಗೊತ್ತಿರಲಿಲ್ಲ.

ಆದರೆ ಈ ಕಾಯುವಿಕೆಯ ನಡುವೆ ಬಾವನ ಕಣ್ಣು ಕೆಡತೊಡಗಿತು. ಕಣ್ಣಿನೊಳಗಿನ ಒತ್ತಡದ ಕಾಯಿಲೆ, ತಡವಾಗಿ ಗೊತ್ತಾಯಿತು. ಹೋದ ದೃಷ್ಟಿ ತಿರುಗಿ ಬರುವುದಿಲ್ಲ, ಇರುವುದೂ ಎಷ್ಟು ದಿನವೋ ಹೇಳಲಾಗದು ಎಂದು ಮೈಸೂರಿನ ಡಾಕ್ಟರು ಹೇಳಿದ್ದರು. ಅವನಿಗೆ ಸುತ್ತಲಿನದು ಮಸುಕಾಗಿ ನಟ್ಟನಡುವಿನದು ಮಾತ್ರ ಕಾಣುತ್ತಿತ್ತು. “ಊದುಕೊಳವೆ ತೂತಲ್ಲಿ ನೋಡ್ದಂಗೆ ಕಣ್ಲಾ” ಅನ್ನುತ್ತಿದ್ದ. ಆ ತೂತಿನೊಳಕ್ಕೆ ಸರಿಯಾಗಿ ತಂದು ಇಟ್ಟರೆ ಇನ್ನೂ ಚೆನ್ನಾಗಿಯೇ ನೋಡುತ್ತಿದ್ದ. ಹಾಗಾಗಿ ನಾನು ಅವನ ಹಿಂದೆ ನಿಂತು, ಎರಡೂ ಕೈಯಲ್ಲಿ ತಲೆ ಹಿಡಿದು, ದುರ್ಬೀನನ್ನು ವಿಮಾನದ ಕಡೆ ತಿರುಗಿಸುತ್ತಿದ್ದೆ. “ಇನ್ನೊಂಚೂರು ಎಡಕ್ಕೆ. ಆಂ, ಅಲ್ಲೇ.” ಅವನಿಗೆ ಫೋನು ಓದಲು ಆಗುತ್ತಿರಲಿಲ್ಲವಾದ್ದರಿಂದ ಸುದ್ದಿ ಹೇಳುವ ಕೆಲಸವೂ ನನ್ನದೇ ಆಗಿತ್ತು. ಅಂಗಡಿಯ ಕೆಲಸ ಬಿಡುವುದಕ್ಕೆ ಅವನು ಅಷ್ಟು ದುಃಖಪಟ್ಟ ಹಾಗೆ ಕಾಣಲಿಲ್ಲ. “ಅದೊಂದ್ ನೋಡ್ಬುಟ್ರೆ ಸಾಕು, ಆಮೇಕೆ ಮುಚ್ಕೊಂಡ್ರೆ ಮುಚ್ಕೊಳ್ಳಿ” ಎಂದು ಎರಡು ಮೂರು ಸಲ ಅಂದಿದ್ದ.

ಕೊನೆಗೂ ಒಂದು ಅಮಾವಾಸ್ಯೆ ನಾನು ಬಂಡೆ ಹತ್ತುತ್ತಲೇ ಕೂಗಿಕೊಂಡೆ. ಆ ವಿಮಾನ ಬೆಂಗಳೂರಿಗೆ ಒಂದು ದಿನದ ಮಟ್ಟಿಗೆ ತೋರಿಸಲಿಕ್ಕೆ ಬರುತ್ತದೆ, ಮಾರನೆಯ ದಿನ ಮಧ್ಯಾಹ್ನ ಪಶ್ಚಿಮಕ್ಕೆ ಹಾರುವಾಗ ನಮ್ಮ ತಲೆಯ ಮೇಲೇ ಹೋಗುತ್ತದೆ. “ಅದೂ ಯಾವತ್ತು ಗೊತ್ತಾ? ಬರೋ ಅಮಾಸೆ ದಿನವೇ!” ಬಾವ ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ನಾನು ತಾರೀಕು ಹೇಳಲಿಲ್ಲ. ಆ ಬಂಡೆಗೆ ಬರುತ್ತಿದ್ದ ಹದಿನಾಲ್ಕು ವರ್ಷದಲ್ಲಿ ನಾವು ತಾರೀಕಿನ ಮಾತೇ ಆಡಿದವರಲ್ಲ.

ಅದೇ ಮಧ್ಯಾಹ್ನ ಜಗಳವಾಯಿತು. ಒಂದು ವಿಮಾನ ಹೋಯಿತು. ದುರ್ಬೀನು ಹಿಡಿದಿದ್ದ ಬಾವ “ನಾಕು ಇಂಜಿನ್ನು” ಅಂದ. ಬರಿಗಣ್ಣಲ್ಲಿ ನೋಡಿದ ನಾನು ಎರಡು ಅಂದೆ. ಅವನು ನಾಲ್ಕೇ ಎಂದು ಹಟ ಹಿಡಿದ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು.

“ಕಣ್ಣೇ ನೆಟ್ಟಗಿಲ್ಲ, ಎಣಿಸಾಕ್ ಬಂದ್ಬುಟ್ಟ. ಸುಮ್ಕಿರು ಬಾವ” ಅಂದೆ.

ಕಮ್ಮಾರ ಕಿಸಕ್ಕನೆ ನಕ್ಕುಬಿಟ್ಟ. ಬಾವ ದುರ್ಬೀನನ್ನು ಬಂಡೆಯ ಮೇಲಿಟ್ಟು, ತಡವರಿಸುತ್ತ ಇಳಿದು, ಅವನನ್ನು ಸ್ಕೂಟರಿನಲ್ಲಿ ಕರೆತಂದು ಕೆಳಗೆ ಕಾಯುತ್ತಿದ್ದ ಮಗಳ ಜೊತೆ ಹೊರಟುಹೋದ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುತ್ತಾರೆ. ಮನೆಗೆ ಬಂದು ಫೋನಿನಲ್ಲಿ ಹುಡುಕಿದರೆ ಅದು ಸರಕಿನ ವಿಮಾನ, ನಾಲ್ಕು ಇಂಜಿನ್ನಿನದು. ಅವನಿಗೆ ಅದನ್ನು ಹೇಳಬೇಕಾಗಿತ್ತು. ಹೇಳಲಿಲ್ಲ.

ಈಗ ಅಮಾವಾಸ್ಯೆಯ ಲೆಕ್ಕ ಹೇಳಬೇಕು. ತಿಥಿ ಒಮ್ಮೊಮ್ಮೆ ಒಂದು ದಿನ ಬೆಳಗಿನ ಹೊತ್ತು ಕಳೆದ ಮೇಲೆ ಶುರುವಾಗಿ ಮಾರನೆಯ ದಿನ ಮುಗಿಯುತ್ತದೆ. ನಮ್ಮ ಮನೆಯಲ್ಲಿ ಸಂಜೆಗೆ ಅಮಾವಾಸ್ಯೆ ಇದ್ದ ದಿನ ಆಚರಣೆ. ಬಾವನ ಮನೆಯಲ್ಲಿ ಸೂರ್ಯ ಹುಟ್ಟುವಾಗ ಇದ್ದ ದಿನ. ವರ್ಷಕ್ಕೆ ಕೆಲವು ಸಲ ಹೀಗೆ ಎರಡು ಬೇರೆಯಾಗುವುದು ಇದ್ದದ್ದೇ. ಅದಕ್ಕೇ ಮುಂಚಿನ ದಿನ ನಾನು ಫೋನು ಮಾಡಿ “ನಾಳೀಕಾ, ನಾಳಿದ್ದಾ ಬಾವ?” ಎಂದು ಕೇಳುವ ಪದ್ಧತಿ. ಚಿಕ್ಕವನು ನಾನು, ಮಾಡಬೇಕಾದವನು ನಾನೇ.

ಆ ತಿಂಗಳು ಮಾಡಲಿಲ್ಲ. ಕ್ಯಾಲೆಂಡರ್ ನೋಡಿದ್ದೆ, ತಿಥಿ ಎರಡು ದಿನಕ್ಕೆ ಹರಡಿಕೊಂಡಿರುವುದೂ ಕಂಡಿತ್ತು. ಫೋನು ಕೈಗೆ ತೆಗೆದುಕೊಂಡು, ಬೇಕಾದರೆ ಅವನೇ ಮಾಡಲಿ ಎಂದು ಕೆಳಗಿಟ್ಟೆ. ಎದ್ದು ಹೋದವನು ಅವನು ತಾನೆ ಎಂದು ನನಗೆ ನಾನೇ ವಾದ ಹೂಡಿಕೊಂಡೆ. ತಪ್ಪು ಮಾಡಿದವನಿಗೆ ವಾದಕ್ಕೆ ಬರವಿಲ್ಲ.

ವಿಮಾನ ಹಾರುವ ದಿನ ನಮ್ಮ ಮನೆಯ ಲೆಕ್ಕದ ಅಮಾವಾಸ್ಯೆ. ಬಂಡೆಯ ಮೇಲೆ ನಾನು, ಕಮ್ಮಾರ, ಇಬ್ಬರೇ. ಅವನು ಕೂರುವ ಮುಂಚೆಯೇ ಕೇಳಿದ.

“ಬಾವ ಎಲ್ಲಿ? ಇವತ್ತೇ ಅಂತ ಏಳಿದ್ದೆ ತಾನೆ?”

“ಗೊತ್ತದೆ ಬುಡು ಅವುನ್ಗೆ. ಬರ್ದಿದ್ರೆ ಬುಡ್ಲಿ.”

ವಿಮಾನ ಹೊರಡುವ ಹೊತ್ತಾಯಿತು, ಹೊರಡಲಿಲ್ಲ. ಫೋನಿನಲ್ಲಿ ತಡ ಎಂದು ತೋರಿಸುತ್ತಿತ್ತು. ಅರ್ಧ ಗಂಟೆ ಕಳೆಯಿತು. ದೂರದಲ್ಲಿ ಕಲ್ಲು ಕ್ವಾರಿಯ ಸಿಡಿತ ಎರಡು ಸಲ ಕೇಳಿಸಿತು. “ಇನ್ನೂ ಒತ್ತದೆ, ಒಂದ್ ಫೋನ್ ಮಾಡ್ಲಾ” ಅಂದ ಕಮ್ಮಾರ. ಹಾಗಾದರೆ ನೀನೇ ಮಾಡು ಅಂದೆ. ಅವನ ಫೋನಿನಲ್ಲಿ ಬಾವನ ನಂಬರು ಇರಲಿಲ್ಲ, ಅದು ನನಗೆ ಗೊತ್ತಿತ್ತು. ಅವನು ನನ್ನ ಮುಖ ನೋಡಿ ಡಬ್ಬಿ ತೆರೆದ. ನಾವು ನಿಪ್ಪಟ್ಟು ತಿಂದೆವು.

ಒಂದೂವರೆ ಗಂಟೆ ತಡವಾಗಿ ಅದು ಬಂತು. ಪೂರ್ವದಿಂದ, ಇನ್ನೂ ಮೇಲೇರುತ್ತಿದ್ದುದರಿಂದ ನಾವು ಅಂದುಕೊಂಡಿದ್ದಕ್ಕಿಂತ ದೊಡ್ಡದಾಗಿ ಕಂಡಿತು. ಮೈ ಬೆಳ್ಳಗೆ, ರೆಕ್ಕೆ ಉದ್ದಕ್ಕೆ ತೆಳ್ಳಗೆ. ಸದ್ದು ಇಷ್ಟೇನಾ ಅನ್ನುವಷ್ಟು ಕಡಿಮೆ. ಮಡಚುವ ಜಾಗದಲ್ಲಿ ಗೆರೆ ಕಾಣುತ್ತದೆಯೇ ಎಂದು ದುರ್ಬೀನಿನಲ್ಲಿ ಹುಡುಕಿದೆ. ಅಷ್ಟು ದೂರಕ್ಕೆ ಎಲ್ಲಿ ಕಾಣಬೇಕು. ಸಂತೋಷವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನಾನು ಎದ್ದು ನಿಂತು ಕೈ ಬೀಸಿದೆ. ಕಮ್ಮಾರ ಬೀಸಲಿಲ್ಲ.

ಮಾರನೆಯ ದಿನ ಹನ್ನೊಂದು ಗಂಟೆಗೆ ಷೆಡ್ಡಿನಲ್ಲಿ ಹಲಗೆ ಹೆರೆಯುತ್ತಿದ್ದಾಗ ಫೋನು ಬಂತು. ಬಾವನದು.

“ಎಲ್ಲಿದ್ದೀಯ್ಲಾ? ನಾನಾಗ್ಲೇ ಬಂದು ಬಂಡೆ ಮ್ಯಾಲ್ ಕುಂತಿವ್ನಿ. ಇವತ್ತೂ ಕ್ವಾಪ ಏನ್ಲಾ? ಆವತ್ತು ನಾನೇ ಸಿಡುಕ್ಬುಟ್ಟೆ, ಬಾ.”

ತೋಪುಡವನ್ನು ಹಲಗೆಯ ಮೇಲೇ ಬಿಟ್ಟೆ. ದುರ್ಬೀನು ಹೆಗಲಿಗೆ ಹಾಕಿಕೊಂಡು ಬೈಕು ಹತ್ತಿ ಹೋದೆ. ದಾರಿಯುದ್ದಕ್ಕೂ ನಿಜ ಹೇಳಿಬಿಡಬೇಕು ಎಂದೇ ಅಂದುಕೊಂಡೆ. ಬಂಡೆಯ ಮೇಲೆ ಅವನು ಒಗೆದ ಬಿಳಿ ಅಂಗಿ ಹಾಕಿಕೊಂಡು, ಮದುವೆಗೆ ಬಂದವನ ಹಾಗೆ ಕೂತಿದ್ದ. ಪಕ್ಕದಲ್ಲಿ ಕಜ್ಜಾಯದ ಡಬ್ಬಿ. ಮಗಳು ಸಂಜೆ ಬಂದು ಕರೆದುಕೊಂಡು ಹೋಗುತ್ತಾಳಂತೆ. “ಕಮ್ಮಾರ ಯಾಕ್ ಬರ್ನಿಲ್ಲ?” ಎಂದು ಕೇಳಿದ. ಏನೋ ಕೆಲಸವಂತೆ ಅಂದೆ. ಅಮಾವಾಸ್ಯೆ ದಿನ ಕಮ್ಮಾರನಿಗೆ ಎಂಥ ಕೆಲಸ ಎಂದು ಅವನು ಕೇಳಬಹುದಿತ್ತು, ಕೇಳಲಿಲ್ಲ.

ಎರಡು ಗಂಟೆಯ ಹೊತ್ತಿಗೆ ಒಂದು ವಿಮಾನದ ಸದ್ದಾಯಿತು. ದಿನಾ ಹೋಗುವ ಮಾಮೂಲಿ ವಿಮಾನ, ನಾವು ನೂರು ಸಲ ನೋಡಿದ್ದು. ಬಾವ ದಡಬಡಿಸಿ ಎದ್ದು ನಿಂತು, ದುರ್ಬೀನನ್ನು ಕಣ್ಣಿಗಿಟ್ಟು, ತಲೆಯನ್ನು ನನ್ನ ಕಡೆಗೆ ಹಿಂದಕ್ಕೆ ಕೊಟ್ಟ. “ಇದೇನಾ? ಇಡ್ಕಳ್ಳಾ, ತಿರುಗ್ಸು ಬೇಗ!”

ನಾನು ತಲೆ ಹಿಡಿದೆ. ತಿರುಗಿಸಿದೆ. “ಇನ್ನೊಂಚೂರು ಮ್ಯಾಕ್ಕೆ. ಆಂ. ಇದೇ ಬಾವ” ಅಂದೆ.

ಅದು ಕ್ವಾರಿಯ ಗುಡ್ಡ ದಾಟುವವರೆಗೂ ಅವನು ನೋಡಿದ. ಆಮೇಲೆ ದುರ್ಬೀನು ಇಳಿಸಿ, “ಎಷ್ಟುದ್ದ ರೆಕ್ಕೆಲಾ ಅದ್ರದ್ದು” ಅಂದ. ನನಗೆ ಕಜ್ಜಾಯ ಕೊಟ್ಟ. ನಾನು ಅದನ್ನು ತಿಂದೆ.

ಮುಂದಿನ ದಿನಗಳಲ್ಲಿ ಅವನು ಕಂಡಕಂಡವರಿಗೆಲ್ಲ ಆ ವಿಮಾನದ ಕಥೆ ಹೇಳಿದ. ಬೂಕನಕೆರೆಯ ಸಂತೆಯಲ್ಲಿ ತರಕಾರಿ ಮಾರುವವರಿಗೂ ಅದರ ರೆಕ್ಕೆ ಮಡಚುತ್ತದೆಂದು ಗೊತ್ತಾಯಿತು. ಆರೇಳು ತಿಂಗಳಲ್ಲಿ ಅವನ ಕಣ್ಣು ಪೂರ್ತಿ ಹೋಯಿತು. ಆ ವಿಮಾನ ದಿನಂಪ್ರತಿ ಓಡಾಡುವುದು ಇನ್ನೂ ಶುರುವಾಗಿಲ್ಲ, ಮುಂದಿನ ವರ್ಷ ಅನ್ನುತ್ತಿದ್ದಾರೆ. ಬಂಡೆಗೆ ಹೋಗುವುದು ನಿಂತಿತು. ಅಮಾವಾಸ್ಯೆಗೆ ನಾನು ಅವನ ಮನೆಗೇ ಹೋಗಿ ಜಗುಲಿಯಲ್ಲಿ ಕೂತು ಬರುತ್ತೇನೆ.

ಹೋದ ಅಮಾವಾಸ್ಯೆ, ತಾಳಿ ಸರಿ ಮಾಡಿಸಲು ಬಂದು ಅಂಗಡಿ ಮುಚ್ಚಿದ್ದು ತಿಳಿಯದೆ ನಿಂತಿದ್ದ ಹೆಂಗಸಿಗೂ ಅವನು ಅದೇ ಕಥೆ ಹೇಳಿದ. “ನಾನೂ ನಮ್ ಬಡಗೀನೂ ನೋಡುದ್ವಿ ಕಣವ್ವ, ಇಬ್ರೇ.” ಆಕೆ ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿದೆ. ಫೋನು ಮಾಡದಿದ್ದದ್ದು, ಹಿಂದಿನ ದಿನವೇ ಅದು ಹೋದದ್ದು, ಮಾಮೂಲಿ ವಿಮಾನ ತೋರಿಸಿ ಸುಳ್ಳು ಹೇಳಿದ್ದು. ಸರಕಿನ ವಿಮಾನಕ್ಕೆ ನಾಲ್ಕೇ ಇಂಜಿನ್ನು ಇದ್ದದ್ದನ್ನೂ ಹೇಳಿದೆ.

ಅವನು ಅಲ್ಲಾಡದೆ ಕೇಳಿಸಿಕೊಂಡ.

“ಗೊತ್ತು ಕಣ್ಲಾ. ಒಂದ್ ವಾರ್ದೊಳ್ಗೇ ಕಮ್ಮಾರ ಮನೇಗ್ ಬಂದು ಏಳ್ದ.”

“ಮತ್ತೆ ಎಲ್ರುಗೂ ನೋಡ್ದೆ ಅಂತ ಏಳ್ಕಂಡ್ ಬಂದ್ಯಲ್ಲ ಬಾವ?”

“ಇನ್ನೇನ್ ಏಳ್ಳಿ? ನೀನ್ ಸುಳ್ಳು ಏಳ್ದೆ ಅನ್ನನಾ?”

ನನಗೆ ಅಳು ಬಂತು. ತಪ್ಪಾಯಿತು, ಸುಳ್ಳು ಹೇಳಬಾರದಾಗಿತ್ತು ಅಂದೆ. ಅವನು ಕೈ ಆಡಿಸಿ ನನ್ನ ಮೊಣಕಾಲು ಹುಡುಕಿ, ಅದರ ಮೇಲೆ ಕೈ ಇಟ್ಟ.

“ಸುಳ್ಳು ಏಳಿದ್ಕೆ ಬೇಜಾರಿಲ್ಲ ಬುಡು. ಅದು ಒಂದೂವರೆ ಗಂಟೆ ತಡ ಆಗಿ ಬಂತಂತಲ್ಲ. ಇಲ್ಲಿಂದ ಬಂಡೆಗೆ ಮುಕ್ಕಾಲು ಗಂಟೆ ದಾರಿ. ಮಗ್ಳು ಅವತ್ತು ಮನೇಲೇ ಇದ್ಲು.”