ಅತ್ತೆಯ ಹಚ್ಚೆ ಅಳಿಸಿದ ಆಪ್

"ಇಕಿ ಯಾರಪಾ?" ಅಂದರು ನಮ್ಮ ಸೋದರತ್ತೆ. ಸ್ನೇಹಿತರೇ, ಅದು ಅವರದೇ ಫೋಟೊ. ಅರಕೇರಾದಿಂದ ಮಾವನ ಜೊತೆ ರಾಯಚೂರಿನ ನಮ್ಮ ಮನೆಗೆ ಬಂದಿದ್ದಾರೆ. ಆಪ್‌ನಲ್ಲಿ ಚೆಂದ ಮಾಡಿ, ಮನೆಯ ಪ್ರಿಂಟರ್‌ನಲ್ಲೇ ತೆಗೆದುಕೊಟ್ಟಿದ್ದೆ.

"ನನ್ನ ಗದ್ದದ ಹಚ್ಚಿ ಎಲ್ಲಿ ಹೋತು?"

ಆಪ್ ಅದನ್ನು ಕಲೆ ಎಂದುಕೊಂಡು ಅಳಿಸಿದೆ ಎಂದೆ. ಬೈಯುತ್ತಾರೆ ಅಂದುಕೊಂಡರೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. "ನೋವ ಇಲ್ಲದ ಅಳಸ್ತದೇನು? ಹಾಕೋ ಮುಂದ ಓಣಿಗೆಲ್ಲ ಕೇಳಂಗ ಚೀರಿದ್ದೆ ನಾ."

ಗದ್ದದ ಹಚ್ಚೆಯನ್ನು ಮರಳಿ ತಂದೆ. ಅತ್ತೆ ಈಗ ಫೋನಿನ ಪರದೆಯ ಮೇಲಿನ ತಮ್ಮ ಮುಂಗೈ ತೋರಿಸಿದರು. ಅಲ್ಲಿ ಹಚ್ಚೆಯಲ್ಲಿ ಮಾವನ ಹೆಸರಿದೆ. "ಇದನ್ನೂ ಅಳಸ್ತದೇನು? ನೋಡೂಣು."

ಚಹಾ ಇನ್ನೂ ಯಾಕೆ ಬರಲಿಲ್ಲ ಎಂದು ಆಗಿನಿಂದ ಕೂಗುತ್ತಿದ್ದ ಮಾವ, "ಅದ್ಯಾಕ ಬೇಕು ನಿನಗ?" ಎನ್ನುತ್ತ ಎದ್ದು ಬಂದರು. ಅಷ್ಟರಲ್ಲಿ ನಾನು ಬೆರಳು ಆಡಿಸಿಬಿಟ್ಟಿದ್ದೆ. ಹೆಸರು ಹೋಯಿತು.

ಅತ್ತೆ ಬಹಳ ಹೊತ್ತು ನೋಡಿದರು. "ಕೈ ಹಗುರ ಕಾಣಸ್ತದಲ್ಲ!"

ಮಾವ ಅಡುಗೆಮನೆಗೆ ಹೋದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ದನಿ ಬಂತು: "ಚಾದಾಗ ಸಕ್ಕರಿ ಎಷ್ಟ ಹಾಕಲಿ?"

ಚಹಾ ಚೆನ್ನಾಗಿಯೇ ಇತ್ತು. ಹೆಸರಿರುವ ಕೈಯ ಫೋಟೊವೋ, ಹೆಸರಿಲ್ಲದ್ದೋ, ಯಾವುದನ್ನು ಪ್ರಿಂಟ್ ಮಾಡಬೇಕೆಂದು ಅತ್ತೆ ಮಾತ್ರ ಇನ್ನೂ ಹೇಳಿಲ್ಲ.