ಕಣ್ಣು ಮುಚ್ಚುವ ಚಿಕ್ಕಪ್ಪ
ನನ್ನ ಅಕ್ಷರ ಸೊಟ್ಟ, ಶಾಲೆ ಬಿಟ್ಟವಳಾದ್ದರಿಂದ ಪದಗಳೂ ಕಡಿಮೆ, ಕ್ಷಮಿಸಿ. ನಮ್ಮ ಚಿಕ್ಕಪ್ಪ ವಿಶ್ವಕಿರಣಗಳ ಕಣ ಹಿಡಿಯುವ ಉಪಗ್ರಹವೊಂದನ್ನು ನೋಡಿಕೊಳ್ಳುತ್ತಿದ್ದರು. ಕಣಗಳು ದಟ್ಟವಾಗಿ ಸುರಿಯುವ ಜಾಗದ ಮೇಲೆ ಅದು ಹಾಯುವಾಗ, ಉಪಕರಣ ಸುಟ್ಟುಹೋಗದಂತೆ ಆರಿಸಿಡುವುದು ಅವರ ಕೆಲಸ. ರಜೆಯಲ್ಲಿ ಮನೆಯಲ್ಲಿದ್ದರೂ ಆ ಹೊತ್ತಿಗೆ ತಾವೇ ಆರಿದಂತೆ ಕೂರುತ್ತಿದ್ದರು. "ಉಪ್ಪು ಸ್ವಲ್ಪ" ಅಂದು ಕಣ್ಣು ಮುಚ್ಚಿದರೆ, ಉಪಗ್ರಹ ಆ ಜಾಗ ದಾಟಿದ ಮೇಲೇ "ಕಡಿಮೆ" ಅನ್ನುತ್ತಿದ್ದರು. "ಅಡುಗೆ ತೆಗಳೋಕೂ ಆಕಾಶದ ಅಪ್ಪಣೆ ಬೇಕೇನ್ರೀ?" ಅಂತ ಚಿಕ್ಕಮ್ಮ ಛೇಡಿಸುತ್ತಿದ್ದರು. ಹೋದ ವರ್ಷ ಉಪಗ್ರಹ ಉರಿದು ಕಡಲಿಗೆ ಬಿತ್ತು. ಚಿಕ್ಕಪ್ಪನ ಕಣ್ಣು ಈಗಲೂ ಅದೇ ಹೊತ್ತಿಗೆ ಮುಚ್ಚುತ್ತದೆ, ತೆರೆಯುವುದು ಮಾತ್ರ ದಿನದಿನಕ್ಕೂ ತಡವಾಗುತ್ತಿದೆ. ನಿನ್ನೆ ಚಿಕ್ಕಮ್ಮ ಅವರ ಭುಜ ಅಲ್ಲಾಡಿಸುತ್ತಾ, "ರೀ, ಸಾಕು, ದಾಟಿ ಬನ್ನಿ" ಅಂತ ಅತ್ತುಬಿಟ್ಟರು. ಇವತ್ತು ಊಟಕ್ಕೆ ನಾನು ಚಿಕ್ಕಪ್ಪನ ಪಕ್ಕ ಕೂತು, ಅವರ ಕೈ ಹಿಡಿದುಕೊಳ್ಳುತ್ತೇನೆ.