ಊಟ ಆಯ್ತಾ ಅಂತ ಕೇಳದ ಮನೆ

ನಾಲ್ಕು ಸ್ಟಾರ್ ಕೊಟ್ಟು ಒಬ್ಬ ಹೆಂಗಸಿನ ಕಣ್ಣಲ್ಲಿ ನೀರು ಹಾಕಿಸಬಹುದು ಅಂತ ನಿಮಗೆ ಗೊತ್ತಿತ್ತೇ? ನನಗೆ ಗೊತ್ತಿರಲಿಲ್ಲ. ಕಳೆದ ಸೋಮವಾರ ಗೊತ್ತಾಯಿತು.

ಅದರ ಹಿಂದಿನ ವಾರ ಧಾರವಾಡದಿಂದ ನನ್ನ ಗೆಳತಿ ಬಂದಿದ್ದಳು. ಹಳೇಬೀಡಿನ ದೇವಸ್ಥಾನವನ್ನು ಬೆಳಗಿನ ಎಳೆಬಿಸಿಲಲ್ಲೇ ನೋಡಬೇಕೆಂಬ ಹಟ ಅವಳದು. ಅರಸೀಕೆರೆಯಿಂದ ಮೊದಲ ಬಸ್ಸು ಹಿಡಿಯುವುದು ನನ್ನಿಂದಾಗದ ಮಾತು (ನನ್ನ ನಿದ್ದೆಯ ವಿಷಯ ಹಳೆಯ ಓದುಗರಿಗೆ ಗೊತ್ತೇ ಇದೆ). ಹಾಗಾಗಿ ಆ್ಯಪ್‌ನಲ್ಲಿ ಹುಡುಕಿ ಅಲ್ಲೇ ಒಂದು ಹೋಮ್‌ಸ್ಟೇ ಬುಕ್ ಮಾಡಿದೆ. ಕೆಳಗೆ ಮನೆಯವರು, ಮಹಡಿಯಲ್ಲಿ ಬಾಡಿಗೆಗೆ ಎರಡು ರೂಮು. ನಡೆಸುವವರು ಸುಜಾತ ಎಂಬಾಕೆ.

ರೂಮು ಫಳಫಳ. ಬಿಸಿನೀರು, ಒಗೆದ ಹಾಸಿಗೆ, ಎಲ್ಲ ಸರಿ. ಆದರೆ ಬೀಗದ ಕೈ ಕೊಟ್ಟು ಕೆಳಗಿಳಿದ ಆಕೆ ಮತ್ತೆ ಮುಖ ತೋರಿಸಲಿಲ್ಲ. "ಕಾಫಿ ಕುಡೀತೀರಾ?" ಇಲ್ಲ. "ಊಟ ಆಯ್ತಾ?" ಅದೂ ಇಲ್ಲ! ನಮ್ಮ ಕಡೆ ಕರೆಂಟ್ ಮೀಟರ್ ನೋಡಲು ಬಂದವನನ್ನೂ ಕೇಳುವ ಮಾತಲ್ಲವೇ ಅದು?

"ನಿಮ್ಮ ಕಡೆ ಮಂದಿ ಚಾ ಬೇಕೇನು ಅಂತನೂ ಕೇಳಂಗಿಲ್ಲೇನು?" ಎಂದಳು ಗೆಳತಿ. ಇಡೀ ಜಿಲ್ಲೆಯ ಮಾನ ಹೋದಂತಾಯಿತು ನನಗೆ.

ಬೆಳಿಗ್ಗೆ ಬಾಗಿಲು ತೆಗೆದರೆ ಹೊರಗೆ ಸ್ಟೂಲಿನ ಮೇಲೆ ಒಂದು ಫ್ಲಾಸ್ಕು. ಪಕ್ಕದ ರೂಮಿನವರದಿರಬೇಕು ಅಂದುಕೊಂಡು ದಾಟಿ ಹೋದೆವು.

ಮನೆಗೆ ಬಂದು ನಾಲ್ಕು ಸ್ಟಾರ್ ಒತ್ತಿದೆ. ಐದಕ್ಕೆ ನಾಲ್ಕು! ಎಂಬತ್ತು ಪರ್ಸೆಂಟ್! ನನಗೆ ಎಸ್ಸೆಸ್ಸೆಲ್ಸಿಯಲ್ಲಿ ಅಷ್ಟು ಬಂದಿದ್ದರೆ ಅಪ್ಪ ಬೀದಿಗೆಲ್ಲ ಪೇಡಾ ಹಂಚುತ್ತಿದ್ದರು.

ಸೋಮವಾರ ಫೋನು ಬಂತು. "ಮೇಡಂ, ನಾನು ಹಳೇಬೀಡಿನ ಸುಜಾತ. ನಮ್ಮಿಂದ ಏನ್ ತಪ್ಪಾಯ್ತು ಹೇಳಿ." ಅಳುವ ದನಿ.

"ತಪ್ಪೇನಿಲ್ಲ ಕಣ್ರೀ. ಚೆನ್ನಾಗಿತ್ತು ಅಂತಲೇ ನಾಲ್ಕು ಕೊಟ್ಟಿದ್ದು!"

"ನಾಕು ಅಂದ್ರೆ ಫೇಲು ಮೇಡಂ. ಸರಾಸರಿ ಐದರ ಹತ್ರಾನೇ ಇರ್ಬೇಕು. ಇನ್ನೊಂದು ಸಲ ಇಳಿದ್ರೆ ನಮ್ಮನೇನ ಆ್ಯಪಿಂದ ತೆಗೀತೀವಿ ಅಂತ ಮೆಸೇಜ್ ಬಂದೈತೆ. ಆ ಎರಡು ರೂಮಿಂದಾನೇ ನಮ್ಮ ಸಂಸಾರ ನಡೀತಿರೋದು."

ದಂಗಾಗಿ ಹೋದೆ. ನಾಲ್ಕು ಫೇಲಾ? ಯಾವ ಸ್ಕೂಲಲ್ಲಿ? ಆದರೂ ಸೋಲೊಪ್ಪದೆ, "ನೀವು ಒಂದು ಮಾತು ಊಟ ಆಯ್ತಾ ಅಂತ ಕೇಳಲಿಲ್ಲವಲ್ಲ" ಎಂದೆ.

"ಹೋದ್ ತಿಂಗ್ಳು ಬಂದೋರನ್ನ ಎರಡು ಸಲ ಕೇಳ್ದೆ ಮೇಡಂ. ಪ್ರೈವೆಸಿ ಇಲ್ಲ ಅಂತ ಬರೆದು ಮೂರು ಕೊಟ್ರು. ಅವತ್ತಿಂದ ಯಾರನ್ನೂ ಕೇಳಲ್ಲ, ಬಾಗ್ಲೂ ತಟ್ಟಲ್ಲ. ಅದಕ್ಕೇ ಕಾಫಿ ಫ್ಲಾಸ್ಕಿಗೆ ಹಾಕಿ ಆಚೆ ಇಟ್ಟಿದ್ದೆ. ನೀವು ಮುಟ್ಲೇ ಇಲ್ಲ."

ಊಟ ಆಯ್ತಾ ಅಂತ ಕೇಳಿದ್ದಕ್ಕೆ ಮಾರ್ಕ್ಸ್ ಕಟ್. ಕೇಳದಿದ್ದಕ್ಕೂ ಕಟ್. ಇನ್ನು ಆ ಹೆಂಗಸು ಬಾಯಿ ತೆರೆಯಬೇಕೋ, ಮುಚ್ಚಿಕೊಂಡಿರಬೇಕೋ? ನಾಚಿಕೆಯಾಗಿ, ನಾಲ್ಕನ್ನು ಐದು ಮಾಡೋಣ ಅಂತ ಆ್ಯಪ್ ತೆರೆದೆ. ಒಮ್ಮೆ ಕೊಟ್ಟದ್ದನ್ನು ಬದಲಿಸುವಂತಿಲ್ಲವಂತೆ.

ಅಲ್ಲೇ ಕೆಳಗೆ ಇನ್ನೊಂದು ಕಾಣಿಸಿತು. ಮನೆಯವರೂ ಬಂದವರಿಗೆ ಸ್ಟಾರ್ ಕೊಡುತ್ತಾರಂತೆ.

ಇಟ್ಟ ಕಾಫಿ ಮುಟ್ಟದೆ ಎದ್ದು ಬಂದ ನನಗೆ ಸುಜಾತ ಕೊಟ್ಟಿದ್ದು ಐದಕ್ಕೆ ಐದು.